ನೀಲಿ ಚುಕ್ಕೆಯ ಕಳ್ಳ ಜೇನು: ಔಷಧಿ ಹೊಡೆಯುವ ಮುನ್ನ ಇದನ್ನು ಓದಿ

ಬದನೆ, ಟೊಮ್ಯಾಟೊ ಹೂ ಬಿಡುವ ಹೊತ್ತಿಗೆ ನನ್ನ ವಾಟ್ಸಾಪ್‌ಗೆ ಪ್ರತಿ ವರ್ಷ ಒಂದೇ ಥರದ ಫೋಟೊ ಬರುತ್ತೆ. ಕಪ್ಪು ಮೈ, ಅದರ ಮೇಲೆ ಯಾರೋ ಬಣ್ಣ ಅದ್ದಿ ಚುಕ್ಕೆ ಇಟ್ಟ ಹಾಗೆ ಮಿಂಚುವ ನೀಲಿ. ಕೆಳಗೆ ಪ್ರಶ್ನೆ: "ಸಾರ್, ಇದು ಯಾವ ಹುಳ? ಯಾವ ಔಷಧಿ ಹೊಡೀಬೇಕು?"

ಉತ್ತರ ಮೊದಲೇ ಹೇಳಿಬಿಡ್ತೀನಿ. ಏನೂ ಹೊಡೀಬೇಡಿ.

ಇದು ಎಲೆ ತಿನ್ನಲ್ಲ, ರಸ ಹೀರಲ್ಲ, ಕಾಯಿ ಕೊರೆಯಲ್ಲ. ಇದೂ ಒಂದು ಜಾತಿಯ ಜೇನು. ಆದರೆ ಜೇನು ಅಂದ ತಕ್ಷಣ ಹೊಗಳೋಕೆ ಹೊರಡಬೇಡಿ, ಯಾಕಂದ್ರೆ ಇದು ಅಪ್ಪಟ ಕಳ್ಳ. ಗೂಡು ಕಟ್ಟಲ್ಲ, ಮರಿಗೆ ಆಹಾರ ಕೂಡಿಡಲ್ಲ. ಬೇರೆ ಜೇನು ಕಷ್ಟಪಟ್ಟು ಕಟ್ಟಿದ ಗೂಡಿಗೆ ನುಗ್ಗಿ ಮೊಟ್ಟೆ ಇಡುತ್ತೆ. ಅದೂ ಯಾರ ಗೂಡಿಗೆ? ನಿಮ್ಮ ಬದನೆ, ಟೊಮ್ಯಾಟೊ ಕಾಯಿ ಕಚ್ಚೋಕೆ ದುಡಿಯುವ ಜೇನಿನ ಗೂಡಿಗೇ.

ಹಾಗಿದ್ದೂ ಈ ಕಳ್ಳ ನಿಮ್ಮ ಹೊಲದಲ್ಲಿ ಕಂಡರೆ ಅದು ಒಳ್ಳೇ ಸುದ್ದಿ. ಹೇಗೆ ಅಂತ ಈ ವಾರ ನೋಡೋಣ.

ಯಾರಿದು?

ವಿಜ್ಞಾನಿಗಳು ಈ ಗುಂಪನ್ನು ಥೈರಿಯಸ್ ಅಂತ ಕರೀತಾರೆ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ದೊಡ್ಡ ಗುರಾಣಿ ಅಂತ ಅರ್ಥ. ಬೆನ್ನಿನ ಹಿಂಭಾಗದಲ್ಲಿ ಒಂದು ಚಪ್ಪಟೆ ಹಲಗೆ ಹಿಂದಕ್ಕೆ ಚಾಚಿಕೊಂಡಿರುತ್ತೆ, ಅದರ ಅಂಚಿನಲ್ಲಿ ಕಚ್ಚು ಇರುತ್ತೆ. ಫೋಟೊ ದೊಡ್ಡದು ಮಾಡಿ ನೋಡಿದರೆ ಕಾಣುತ್ತೆ. 1897ರಲ್ಲಿ ಚಾರ್ಲ್ಸ್ ಥಾಮಸ್ ಬಿಂಗಮ್ ಅನ್ನುವವರು ಬ್ರಿಟಿಷ್ ಇಂಡಿಯಾದ ಕಣಜ ಮತ್ತು ಜೇನುಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅಂಥ ಹಳೇ ಪುಸ್ತಕಗಳಲ್ಲಿ ಇದನ್ನು ಕ್ರೊಸಿಸ ಅನ್ನೋ ಹೆಸರಿನಲ್ಲಿ ಹುಡುಕಬೇಕು. ಏಷ್ಯಾ ಮತ್ತು ಆಸ್ಟ್ರೇಲಿಯಾ ಕಡೆಯ ಪ್ರಭೇದಗಳನ್ನೆಲ್ಲ ಕೂರಿಸಿಕೊಂಡು ಹೊಸದಾಗಿ ವಿಂಗಡಿಸಿದವರು ಡಚ್ ಕೀಟಶಾಸ್ತ್ರಜ್ಞ ಲೀಫ್ಟಿಂಕ್. ಆ ಕೆಲಸ 1962ರಲ್ಲಿ ಪ್ರಕಟವಾಯ್ತು.

ನಮ್ಮ ಮಟ್ಟಿಗೆ ಇದನ್ನು ಕೋಗಿಲೆ ಜೇನು ಅನ್ನೋಣ. ಕಾಗೆ ಗೂಡಲ್ಲಿ ಮೊಟ್ಟೆ ಇಡುವ ಕೋಗಿಲೆ ಯಾರಿಗೆ ಗೊತ್ತಿಲ್ಲ? ಇದರ ಬಾಳ್ವೆಯೂ ಅದೇ.

ಗುರುತು ಹಿಡಿಯೋದು ಕಷ್ಟವಲ್ಲ. ಉದ್ದ ಸುಮಾರು ಒಂದು ಸೆಂಟಿಮೀಟರ್, ಕೆಲವು ಸ್ವಲ್ಪ ಹೆಚ್ಚು. ಮೈ ಕಪ್ಪು, ಗಟ್ಟಿ. ನೀಲಿ ಚುಕ್ಕೆಗಳು ಅಂತ ಕಾಣೋದು ಮೈಗೆ ಒತ್ತಿಕೊಂಡ ಕೂದಲಿನ ಗುಂಪುಗಳು. ಬಿಳಿ ಚುಕ್ಕೆಯ ಪ್ರಭೇದಗಳೂ ಇವೆ. ಎಲ್ಲಕ್ಕಿಂತ ಮುಖ್ಯ ಗುರುತು ಹಿಂಗಾಲು. ದುಡಿಯುವ ಹೆಣ್ಣು ಜೇನಿನ ಹಿಂಗಾಲಲ್ಲಿ ಪರಾಗ ಹೊರೋಕೆ ದಟ್ಟ ಕೂದಲೋ ಬುಟ್ಟಿಯೋ ಇರುತ್ತೆ. ಕೋಗಿಲೆ ಜೇನಿಗೆ ಅದಿಲ್ಲ. ಹೊರುವ ಕೆಲಸವೇ ಇಲ್ಲದವರಿಗೆ ಚೀಲ ಯಾಕೆ?

ಎರಡು ಕೀಟಗಳ ಜೊತೆ ಗೊಂದಲ ಆಗಬಹುದು. ಮೈಯೆಲ್ಲ ಹಸಿರು-ನೀಲಿ ಲೋಹದ ಹಾಗೆ ಹೊಳೆಯುತ್ತಿದ್ದರೆ ಅದು ಒಂದು ಜಾತಿಯ ಕಣಜ. ಹೆಬ್ಬೆರಳಿನ ತುದಿಯಷ್ಟು ದಪ್ಪ ಇದ್ದು, ರೆಕ್ಕೆ ನೀಲಿ ಮಿಂಚುತ್ತಾ, ಜೋರಾಗಿ ಗುಂಯ್‌ಗುಟ್ಟುತ್ತಿದ್ದರೆ ಅದು ಮರ ಕೊರೆಯುವ ದುಂಬಿ. ಕಪ್ಪು ಮೈ ಮೇಲೆ ಬಿಡಿಬಿಡಿ ಚುಕ್ಕೆ ಇದ್ದರೆ ಮಾತ್ರ ನಮ್ಮ ಕಳ್ಳ.

ಈ ಕೋಗಿಲೆಗೆ ಕಾಗೆ ಯಾರು?

ಕಳ್ಳನ ಕಥೆ ಅರ್ಥ ಆಗಬೇಕಾದರೆ ಮನೆ ಯಜಮಾನಿಯ ಪರಿಚಯ ಬೇಕು. ಅವಳ ಹೆಸರು ಅಮೆಜಿಲ್ಲ. ಹೊಟ್ಟೆಯ ಮೇಲೆ ಸಾಲಾಗಿ ನೀಲಿ ಪಟ್ಟೆ ಇರೋದರಿಂದ ನೀಲಿ ಪಟ್ಟೆ ಜೇನು ಅನ್ನೋಣ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಒಂದು ಪ್ರಭೇದಕ್ಕೆ ಲಿನ್ನೇಯಸ್ 1758ರಲ್ಲೇ ಹೆಸರಿಟ್ಟಿದ್ದಾನೆ, ಈಗ ಅದು ಅಮೆಜಿಲ್ಲ ಜೊನೇಟ. ತುಳಸಿ ಗಿಡದ ಹತ್ತಿರ ಒಂದು ನಿಮಿಷ ನಿಂತರೆ ಸಾಕು. ಗಾಳಿಯಲ್ಲಿ ನಿಂತಲ್ಲೇ ನಿಂತು, ಸರ್ರನೆ ಪಕ್ಕದ ಹೂವಿಗೆ ಹಾರಿ, ಉದ್ದ ನಾಲಿಗೆ ಚಾಚೋದು ಅದೇ.

ತುಡುವೆ, ಹೆಜ್ಜೇನು, ಕೋಲುಜೇನು ನಮಗೆ ಗೊತ್ತು. ಅವು ಕೂಡು ಕುಟುಂಬ. ರಾಣಿ, ಆಳು, ತುಪ್ಪ ಎಲ್ಲ ಉಂಟು. ಆದರೆ ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಜಾತಿಯ ಜೇನುಗಳಿವೆ, ಅವುಗಳಲ್ಲಿ ಬಹುಪಾಲು ಒಂಟಿ ಜೇನುಗಳು. ರಾಣಿ ಇಲ್ಲ, ಆಳಿಲ್ಲ, ಕೊಯ್ಯೋಕೆ ತುಪ್ಪ ಇಲ್ಲ. ಒಂದೊಂದು ಹೆಣ್ಣೂ ತನ್ನ ಮನೆ ತಾನೇ ಕಟ್ಟಿ, ತನ್ನ ಮಕ್ಕಳಿಗೆ ತಾನೇ ಬುತ್ತಿ ಕಟ್ಟಬೇಕು. ನೀಲಿ ಪಟ್ಟೆ ಜೇನೂ ಹಾಗೇ. ಒಂದೇ ಗೋಡೆಯಲ್ಲಿ ಹತ್ತಾರು ಹೆಣ್ಣುಗಳು ತೂತು ಕೊರೆದಿರಬಹುದು, ಆದರೆ ಅದು ವಠಾರ. ಬಾಗಿಲು ಬೇರೆ, ಒಲೆ ಬೇರೆ.

ಗೂಡು ಇರೋದು ಮಣ್ಣಲ್ಲಿ. ಹಳೇ ಮಣ್ಣಿನ ಗೋಡೆ, ಬದುವಿನ ನೆಟ್ಟಗಿನ ಮಗ್ಗುಲು, ಕಾಲುವೆ ದಡ, ಮಳೆ ನೇರವಾಗಿ ಬೀಳದ ಒಣ ಜಾಗ. ಉಗುರಿನಿಂದ ಗೀಚಿದರೆ ಪುಡಿ ಬರುವಷ್ಟು ಮೆದು, ಕುಸಿಯದಷ್ಟು ಗಟ್ಟಿ ಮಣ್ಣು ಬೇಕು. ಒಳಗೆ ಪುಟ್ಟ ಮಡಕೆಯ ಆಕಾರದ ಕೋಣೆಗಳು. ಕೋಣೆಯ ಒಳಗೋಡೆಗೆ ತನ್ನ ಮೈಯಿಂದ ಬರುವ ಮೇಣದಂಥ ಪದಾರ್ಥ ಬಳಿದು ನೀರು ಇಳಿಯದ ಹಾಗೆ ಮಾಡುತ್ತೆ. ಆಮೇಲೆ ಪರಾಗ ಮಕರಂದ ಕಲಸಿ ಗಂಜಿಯಂತೆ ತುಂಬುತ್ತೆ, ಒಂದೇ ಒಂದು ಮೊಟ್ಟೆ ಇಡುತ್ತೆ, ಮಣ್ಣಿನಿಂದ ಬಾಗಿಲು ಮುಚ್ಚಿ ಮುಂದಿನ ಕೋಣೆಗೆ ಹೊರಡುತ್ತೆ. ಒಂದು ಕೋಣೆ ಅಂದರೆ ಒಂದು ಮಗು, ಅದಕ್ಕಾಗಿ ಎಷ್ಟೋ ಹೂವಿನ ಸುತ್ತಾಟ.

ಇದರಿಂದ ನಮಗೇನು?

ಬದನೆ ಹೂವನ್ನು ಕೈಗೆ ತಗೊಂಡು ನೋಡಿ. ನಡುವೆ ಹಳದಿ ಕೇಸರಗಳು ಗುಂಪಾಗಿ ನಿಂತಿರುತ್ತವೆ. ಪರಾಗ ಹೊರಗೆ ಕಾಣಲ್ಲ, ಒಳಗಿರುತ್ತೆ. ತುದಿಯಲ್ಲಿ ಸಣ್ಣ ತೂತು ಮಾತ್ರ. ನಾವು ಮುಖಕ್ಕೆ ಹಾಕಿಕೊಳ್ಳುವ ಪೌಡರ್ ಡಬ್ಬಿ ಇದ್ದ ಹಾಗೆ, ಅಲ್ಲಾಡಿಸಿದರೆ ಮಾತ್ರ ಪುಡಿ ಬೀಳೋದು. ಟೊಮ್ಯಾಟೊ ಹೂವಿನಲ್ಲೂ ಕೇಸರಗಳು ಕೊಳವೆಯ ಹಾಗೆ ಕೂಡಿಕೊಂಡಿದ್ದು, ಪರಾಗ ಒಳಗಡೆಯೇ ಉದುರುತ್ತೆ.

ತುಡುವೆಗೆ ಈ ಡಬ್ಬಿ ಅಲ್ಲಾಡಿಸುವ ವಿದ್ಯೆ ಬರಲ್ಲ. ನೀಲಿ ಪಟ್ಟೆ ಜೇನಿಗೆ ಬರುತ್ತೆ. ಅದು ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ, ಎದೆಯ ಸ್ನಾಯುಗಳನ್ನು ಮಾತ್ರ ಅದುರಿಸುತ್ತೆ. ಹೂ ನಡುಗಿ ಪರಾಗ ಹೊಗೆಯಂತೆ ಸುರಿಯುತ್ತೆ. ಆಸ್ಟ್ರೇಲಿಯಾದ ಒಂದು ನೀಲಿ ಪಟ್ಟೆ ಜೇನನ್ನು ಟೊಮ್ಯಾಟೊ ಹೂವಿನ ಮೇಲೆ ಚಿತ್ರೀಕರಿಸಿದ ಸಂಶೋಧಕರು, ಅದು ತಲೆಯಿಂದಲೇ ಕೇಸರವನ್ನು ಸೆಕೆಂಡಿಗೆ ಸುಮಾರು 350 ಸಲ ಗುದ್ದುತ್ತೆ ಅಂತ ಕಂಡುಕೊಂಡರು.

ಟೊಮ್ಯಾಟೊ ಗಾಳಿಯ ಅಲುಗಾಟಕ್ಕೂ ಕಾಯಿ ಕಚ್ಚುತ್ತೆ, ನಿಜ. ಆದರೆ ಪರಾಗ ಚೆನ್ನಾಗಿ ಬಿದ್ದಷ್ಟೂ ಒಳಗೆ ಬೀಜ ಹೆಚ್ಚು, ಬೀಜ ಹೆಚ್ಚಿದಷ್ಟೂ ಕಾಯಿ ತುಂಬಿಕೊಂಡು ಬರುತ್ತೆ. ಯುರೋಪಿನಲ್ಲಿ 1987ರ ನಂತರ ಗಾಜಿನ ಮನೆಯ ಟೊಮ್ಯಾಟೊಗೆ ಬಂಬಲ್ ಬೀ ಎಂಬ ದಪ್ಪ ಜೇನುಗಳನ್ನು ಪೆಟ್ಟಿಗೆಯಲ್ಲಿ ಸಾಕಿ ಮಾರುವ ದೊಡ್ಡ ವ್ಯಾಪಾರವೇ ಶುರುವಾಯ್ತು. ನಮ್ಮ ಬಯಲುಸೀಮೆಯಲ್ಲಿ ಬಂಬಲ್ ಬೀ ಇಲ್ಲ, ಭಾರತದಲ್ಲಿ ಅವು ಮುಖ್ಯವಾಗಿ ಹಿಮಾಲಯದವು. ನಮಗೆ ಆ ಕೆಲಸವನ್ನು ನೀಲಿ ಪಟ್ಟೆ ಜೇನು, ಮರ ಕೊರೆಯುವ ದುಂಬಿ ಮತ್ತು ಮಣ್ಣಲ್ಲಿ ಗೂಡು ಮಾಡುವ ಇನ್ನಷ್ಟು ಒಂಟಿ ಜೇನುಗಳು ಪುಕ್ಕಟೆ ಮಾಡಿಕೊಡ್ತಿವೆ. ಬಾಡಿಗೆ ಇಲ್ಲ, ಪೆಟ್ಟಿಗೆ ಇಲ್ಲ. ಅವು ಕೇಳೋದು ಒಂದಿಷ್ಟು ಮಣ್ಣು, ಒಂದಿಷ್ಟು ಹೂವು.

ಕಳ್ಳತನ ನಡೆಯೋದು ಹೀಗೆ

ಈಗ ಕಳ್ಳನ ವಿಷಯಕ್ಕೆ ಬರೋಣ. ಬಿಸಿಲು ಏರಿದ ಮೇಲೆ ನೀಲಿ ಪಟ್ಟೆ ಜೇನಿನ ಗೂಡುಗಳಿರುವ ಗೋಡೆಯ ಮುಂದೆ ಸುಮ್ಮನೆ ಕೂತುಕೊಳ್ಳಿ. ಯಜಮಾನಿಯರು ಹಿಂಗಾಲಲ್ಲಿ ಪರಾಗ ಹೊತ್ತು ನೇರ ತಮ್ಮ ಬಾಗಿಲಿಗೆ ಬರ್ತಾರೆ. ಅವರ ನಡುವೆ ಒಂದು ಕಪ್ಪು ಜೇನು ಬೇರೆ ಥರ ಹಾರುತ್ತಿರುತ್ತೆ. ನಿಧಾನ, ಗೋಡೆಗೆ ಹತ್ತಿರ, ತೂತಿನಿಂದ ತೂತಿಗೆ. ಅವಸರ ಇಲ್ಲ. ಮನೆ ನೋಡಿಕೊಂಡು ಹೋಗುವ ದಲ್ಲಾಳಿ ಹಾಗೆ. ಆಗಾಗ ಹತ್ತಿರದ ಕಲ್ಲಿನ ಮೇಲೋ ಕಡ್ಡಿಯ ಮೇಲೋ ಕೂತು ಕಾಯುತ್ತೆ.

ಯಜಮಾನಿ ಹೊರಗೆ ಹೋದ ಸಮಯ ನೋಡಿ ಒಳಗೆ ನುಗ್ಗುತ್ತೆ. ಈ ಗುಂಪಿನ ಕೋಗಿಲೆ ಜೇನುಗಳಿಗೆ ಬೇಕಾದದ್ದು ಆಹಾರ ತುಂಬಿ ಮುಚ್ಚಿಟ್ಟ ಕೋಣೆ. ಮಣ್ಣಿನ ಮುಚ್ಚಳಕ್ಕೆ ತೂತು ಮಾಡಿ, ಹೊಟ್ಟೆಯ ತುದಿ ಒಳಗಿಳಿಸಿ ಮೊಟ್ಟೆ ಇಡುತ್ತೆ. ಆಮೇಲೆ ತೂತನ್ನು ಮತ್ತೆ ಮಣ್ಣಿನಿಂದ ಮುಚ್ಚಿ ಹೊರಗೆ ಬರುತ್ತೆ. ಸಿಕ್ಕಿಬಿದ್ದರೂ ಮೈಯ ಗಟ್ಟಿ ಕವಚ ಕಚ್ಚೋದು ಚುಚ್ಚೋದನ್ನು ತಡೆಯುತ್ತೆ. ಗುರಾಣಿ ಅಂತ ಹೆಸರು ಬಂದಿರೋದು ಸುಮ್ಮನೆ ಅಲ್ಲ.

ಒಳಗೆ ನಡೆಯೋದು ಇನ್ನೂ ಕಠೋರ. ಕಳ್ಳ ಮೊಟ್ಟೆಯಿಂದ ಬಂದ ಮರಿಗೆ ಕಣ್ಣಿಲ್ಲ, ಕಾಲಿಲ್ಲ, ಆದರೆ ಕುಡುಗೋಲಿನಂಥ ಎರಡು ಚೂಪು ದವಡೆ ಇರುತ್ತೆ. ಅದು ಮೊದಲು ಮಾಡುವ ಕೆಲಸವೇ ಮನೆಯ ಮಗುವನ್ನು ಮುಗಿಸೋದು, ಅದು ಇನ್ನೂ ಮೊಟ್ಟೆಯಾಗಿರಲಿ ಮರಿಯಾಗಿರಲಿ. ಅದೇ ಕೋಣೆಗೆ ಇನ್ನೊಂದು ಕಳ್ಳ ಮೊಟ್ಟೆ ಬಿದ್ದಿದ್ದರೆ ಅದನ್ನೂ ಬಿಡಲ್ಲ. ಅಲ್ಲಿಗೆ ದವಡೆಯ ಕೆಲಸ ಮುಗೀತು. ಪೊರೆ ಕಳಚಿದ ಮೇಲೆ ಅದೂ ಮಾಮೂಲಿ ಜೇನು ಮರಿಯ ಹಾಗೆ, ಪರಾಗದ ಗಂಜಿ ಉಂಡು ಬೆಳೆಯುತ್ತೆ.

ಕೋಗಿಲೆಗೂ ಇದಕ್ಕೂ ಇಲ್ಲೊಂದು ವ್ಯತ್ಯಾಸ ಇದೆ. ಕೋಗಿಲೆಯ ಮೊಟ್ಟೆ ಕಾಗೆ ಮೊಟ್ಟೆಯನ್ನು ಹೋಲಬೇಕು, ಯಾಕಂದ್ರೆ ಕಾಗೆ ದಿನಾ ಗೂಡಲ್ಲಿ ಕೂರುತ್ತೆ, ಮರಿಗೆ ಗುಟುಕು ಕೊಡುತ್ತೆ. ನೀಲಿ ಪಟ್ಟೆ ತಾಯಿ ಹಾಗಲ್ಲ. ಬುತ್ತಿ ಕಟ್ಟಿ ಬಾಗಿಲು ಹಾಕಿದ ಮೇಲೆ ಆ ಕೋಣೆಯನ್ನು ಮತ್ತೆ ತೆರೆದು ನೋಡೋದೇ ಇಲ್ಲ. ಹಾಗಾಗಿ ಕಳ್ಳನಿಗೆ ವೇಷ ಹಾಕುವ ಅಗತ್ಯವಿಲ್ಲ. ಮೈಮೇಲೆ ಅಷ್ಟು ಢಾಳಾದ ನೀಲಿ ಇಟ್ಟುಕೊಂಡೇ ಕಳ್ಳತನ ಮಾಡಬಹುದು.

ರಾತ್ರಿ ಇದಕ್ಕೆ ಮನೆ ಇಲ್ಲ. ಸಂಜೆ ಒಂದು ಒಣ ಕಡ್ಡಿಯನ್ನೋ ಹುಲ್ಲಿನ ಕಾಂಡವನ್ನೋ ದವಡೆಯಿಂದ ಕಚ್ಚಿ ಹಿಡಿದು, ಕಾಲು ಮಡಿಚಿಕೊಂಡು ಹಾಗೇ ನಿದ್ದೆ ಹೋಗುತ್ತೆ. ನೀಲಿ ಪಟ್ಟೆ ಜೇನಿನ ಗಂಡುಗಳೂ ಹೀಗೇ ಮಲಗೋದು, ಆದರೆ ಅವು ಒಂದೇ ಕಡ್ಡಿಗೆ ಸಾಲಾಗಿ ಗುಂಪು ಸೇರುತ್ತವೆ. ಈ ಮಲಗುವ ಜಾಗದ ವಿಷಯ ನೆನಪಿಟ್ಟುಕೊಳ್ಳಿ, ಔಷಧಿ ಹೊಡೆಯುವ ಮಾತು ಬಂದಾಗ ಬೇಕಾಗುತ್ತೆ.

ಹಾಗಾದ್ರೆ ಕಳ್ಳನನ್ನು ಹೊಡೆದರೆ ಲಾಭ ಅಲ್ವಾ?

ಇದನ್ನು ತುಂಬಾ ಹುಡುಗರು ಕೇಳ್ತಾರೆ. ಲೆಕ್ಕ ಸರಿಯಾಗೇ ಕಾಣುತ್ತೆ: ಕಳ್ಳ ಕಮ್ಮಿಯಾದರೆ ದುಡಿಯುವ ಜೇನು ಹೆಚ್ಚು, ಕಾಯಿ ಹೆಚ್ಚು. ಆದರೆ ಹೊಲ ಹಾಗೆ ನಡೆಯಲ್ಲ.

ಮೊದಲನೇದು, ಕಳ್ಳನನ್ನು ಮಾತ್ರ ಆರಿಸಿ ಕೊಲ್ಲುವ ಔಷಧಿ ಇಲ್ಲ. ಕಳ್ಳನೂ ಯಜಮಾನಿಯೂ ಹತ್ತಿರದ ಸಂಬಂಧಿಗಳು, ಒಂದೇ ಕುಟುಂಬ. ಒಂದಕ್ಕೆ ವಿಷ ಆದದ್ದು ಇನ್ನೊಂದಕ್ಕೂ ವಿಷ.

ಎರಡನೇದು, ಕಳ್ಳ ಯಾವಾಗಲೂ ಕಮ್ಮಿ ಇರಲೇಬೇಕು. ಹತ್ತು ಮನೆ ಇರುವ ಊರಲ್ಲಿ ಇಪ್ಪತ್ತು ಕಳ್ಳರು ಬದುಕೋಕಾಗಲ್ಲ. ಯಜಮಾನಿಯರ ಸಂಖ್ಯೆ ಬಿದ್ದರೆ ಕಳ್ಳನಿಗೆ ಮೊಟ್ಟೆ ಇಡಲು ಜಾಗ ಇಲ್ಲ, ಅದರ ಸಂಖ್ಯೆ ತಾನಾಗೇ ಬೀಳುತ್ತೆ. ಈ ಎರಡು ಜೀವಗಳು ಒಂದನ್ನೊಂದು ಅಳೆದುಕೊಂಡೇ ಲಕ್ಷಾಂತರ ವರ್ಷ ಬಾಳಿವೆ. ಜಗತ್ತಿನ ಜೇನು ಜಾತಿಗಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಹೀಗೆ ಬೇರೆಯವರ ಗೂಡಿನ ಮೇಲೆ ಬದುಕುವಂಥವು. ಇದು ರೋಗ ಅಲ್ಲ, ವ್ಯವಸ್ಥೆ.

ಮೂರನೇದೇ ಮುಖ್ಯ. ಹೊಲದಲ್ಲಿ ಏನಾದರೂ ಕೆಟ್ಟರೆ ಮೊದಲು ಮಾಯವಾಗೋದು ಕೋಗಿಲೆ ಜೇನು. ಬದು ಸವರಿದಿರಿ, ವಿಷ ಹೆಚ್ಚಾಯ್ತು, ಹೂವಿನ ಕಳೆ ಎಲ್ಲ ಸುಟ್ಟಿರಿ ಅನ್ನಿ. ಯಜಮಾನಿ ಜೇನು ಅರ್ಧಕ್ಕೆ ಇಳಿದರೂ ಅಲ್ಲೊಂದು ಇಲ್ಲೊಂದು ಹಾರಾಡ್ತಾ ಇರುತ್ತೆ, ನಮಗೆ ಗೊತ್ತಾಗಲ್ಲ. ಆದರೆ ಅದನ್ನೇ ನಂಬಿದ ಕಳ್ಳನಿಗೆ ಅಷ್ಟು ಸಾಲಲ್ಲ. ಕೆನಡಾದ ಸಂಶೋಧಕರು 2013ರಲ್ಲಿ ಇದೇ ವಾದ ಮುಂದಿಟ್ಟರು: ಒಂದು ಜಾಗದ ಜೇನು ಸಂತತಿ ಎಷ್ಟು ಗಟ್ಟಿಯಾಗಿದೆ ಅಂತ ತಿಳೀಬೇಕಾದರೆ ಅಲ್ಲಿನ ಪರಾವಲಂಬಿ ಜೇನುಗಳನ್ನು ನೋಡಿ ಅಂತ.

ಬಾವಿಯಲ್ಲಿ ನೀರು ಎಷ್ಟಿದೆ ಅಂತ ನೋಡೋಕೆ ನಾವು ಹಗ್ಗ ಇಳಿಸ್ತೀವಿ. ಕೋಗಿಲೆ ಜೇನು ಅಂಥ ಹಗ್ಗ. ಅದು ಕಂಡಿದೆ ಅಂದರೆ ನೀವು ನೋಡಿರದ ಯಾವುದೋ ಮಣ್ಣಿನ ಮಗ್ಗುಲಲ್ಲಿ ನೀಲಿ ಪಟ್ಟೆ ಜೇನು ದಂಡಿಯಾಗಿದೆ ಅಂತ ಅರ್ಥ.

ಒಂದು ಗೋಡೆ ಉಳಿದ ಕಥೆ

ನಮ್ಮ ಕೋಲಾರ ಕಡೆ ನನ್ನ ಪಕ್ಕದ ತೋಟದ ಅಣ್ಣನಿಗೆ ಹಳೇ ದನದ ಕೊಟ್ಟಿಗೆ ಒಂದಿತ್ತು. ಮಾಡು ಬಿದ್ದಿತ್ತು, ತೆಂಕಲ ಕಡೆಯ ಮಣ್ಣಿನ ಗೋಡೆ ಮಾತ್ರ ನಿಂತಿತ್ತು. ಅವರ ಮಗ ಓದು ಮುಗಿಸಿ ಬೇಸಾಯಕ್ಕೆ ಇಳಿದ ಹುಡುಗ. ಟೊಮ್ಯಾಟೊ ಕ್ರೇಟ್ ಜೋಡಿಸೋಕೆ ಶೀಟಿನ ಶೆಡ್ ಹಾಕಬೇಕು, ಗೋಡೆ ತೆಗೀಬೇಕು ಅಂತ ಜೆಸಿಬಿಗೆ ಹೇಳಿಯೂ ಆಗಿತ್ತು.

ನಾನು ಆ ಗೋಡೆ ಎದುರು ಕೋಗಿಲೆ ಜೇನು ನೋಡಿದ್ದೆ. ಹುಡುಗನಿಗೆ ಹೇಳಿದೆ, "ನಾಳೆ ಬೆಳಿಗ್ಗೆ ಒಂದು ಗಂಟೆ ನನ್ನ ಜೊತೆ ಕೂತ್ಕೋ. ಆಮೇಲೆ ನಿನಗೆ ತೋಚಿದ್ದು ಮಾಡು."

ಮೊದಲ ಹತ್ತು ನಿಮಿಷ ಅವನಿಗೆ ಏನೂ ಕಾಣಲಿಲ್ಲ. ಮೊಬೈಲ್ ನೋಡ್ತಿದ್ದ. ಆಮೇಲೆ ಒಂದು ನೀಲಿ ಪಟ್ಟೆ ಜೇನು ಕಾಲಲ್ಲಿ ಪರಾಗ ಮೆತ್ತಿಕೊಂಡು ಬಂದು ತೂತಿಗೆ ಇಳೀತು. ಇನ್ನೊಂದು. ಮತ್ತೊಂದು. ಗೋಡೆಯ ಮೇಲಿದ್ದ ತೂತುಗಳನ್ನು ಅವನು ಗೆದ್ದಲು ಅಂದುಕೊಂಡಿದ್ದನಂತೆ. ಎಣಿಸೋಕೆ ಶುರು ಮಾಡಿದ, ನಲವತ್ತು ದಾಟಿದ ಮೇಲೆ ಬಿಟ್ಟ. ಅಷ್ಟರಲ್ಲಿ ಕಳ್ಳ ಬಂತು. ಒಂದು ತೂತಿನ ಮುಂದೆ ತೇಲಿ, ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದದ್ದನ್ನು ಅವನೇ ವಿಡಿಯೋ ಮಾಡಿದ.

"ಅಣ್ಣಾ, ಇವೆಲ್ಲ ನಮ್ಮ ಟೊಮ್ಯಾಟೊ ಹೂವಿಗೇ ಹೋಗ್ತಿವೆಯಾ?" ಅಂದ.

"ತೋಟ ಎಷ್ಟು ದೂರ? ಇಪ್ಪತ್ತು ಹೆಜ್ಜೆ. ನೀನೇ ಹೋಗಿ ನೋಡು."

ಹೋಗಿ ನೋಡಿಕೊಂಡು ಬಂದ. ಜೆಸಿಬಿಯವನಿಗೆ ಫೋನ್ ಮಾಡಿ, ಗೋಡೆ ಬಿಟ್ಟು ಮಿಕ್ಕಿದ್ದು ಸಮ ಮಾಡೋಕೆ ಹೇಳಿದ. ಶೆಡ್ಡು ನಾಲ್ಕು ಅಡಿ ಆಚೆ ಬಂತು, ಅದರ ಶೀಟಿನ ಅಂಚು ಗೋಡೆಗೆ ಮಳೆ ಬೀಳದ ಹಾಗೆ ಚಾಚಿಕೊಂಡಿತು. ಖರ್ಚು ಹೆಚ್ಚಾದದ್ದು ಎರಡು ಶೀಟು. ಅವರಪ್ಪ ಮಾತ್ರ ಇನ್ನೂ ನಗ್ತಾರೆ, "ಹಸು ಇಲ್ಲದ ಕೊಟ್ಟಿಗೇಲಿ ಹುಳ ಸಾಕ್ತಾನೆ ನನ್ನ ಮಗ" ಅಂತ.

ನಾನು ಈ ಕಥೆ ಹೇಳಿದ್ದು ಯಾಕಂದ್ರೆ, ಒಂಟಿ ಜೇನಿನ ಗೂಡು ಹಾಳಾಗೋದು ಯಾರ ದ್ವೇಷದಿಂದಲೂ ಅಲ್ಲ. ಒಂದು ಬೆಳಿಗ್ಗೆಯ ಜೆಸಿಬಿ ಕೆಲಸದಿಂದ. ವರ್ಷಗಟ್ಟಲೆ ತಾಯಿ-ಮಗಳು-ಮೊಮ್ಮಗಳು ಅಂತ ಬಳಸಿದ ಗೋಡೆ ಅರ್ಧ ಗಂಟೆಯಲ್ಲಿ ಹೋಗುತ್ತೆ. ಒಳಗೆ ಮುಚ್ಚಿದ ಕೋಣೆಗಳಲ್ಲಿ ಮರಿಗಳಿರುತ್ತವೆ, ಹೊರಗಿಂದ ಗೊತ್ತೇ ಆಗಲ್ಲ.

ಬೇರೆ ಬೆಳೆಯವರಿಗೂ ಒಂದು ಮಾತು

ಕಲಬುರಗಿ, ಬೀದರ್ ಕಡೆ ತೊಗರಿ ಬೆಳೆಯುವವರು ಇನ್ನೊಂದು ಜೋಡಿಯನ್ನು ನೋಡಬಹುದು. ತೊಗರಿ ಹೂವಿಗೆ ಬರುವ ಮುಖ್ಯ ಅತಿಥಿಗಳಲ್ಲಿ ಮೆಗಾಕೈಲಿ ಗುಂಪಿನ ಜೇನುಗಳಿವೆ. ಇವುಗಳಲ್ಲಿ ಹಲವು ಎಲೆಯನ್ನು ದುಂಡಗೆ ಕತ್ತರಿಸಿ ಗೂಡಿಗೆ ಒಳಪದರ ಮಾಡುತ್ತವೆ. ಗುಲಾಬಿ ಎಲೆಯಲ್ಲಿ ನಾಣ್ಯದಾಕಾರದ ಕಚ್ಚು ಕಂಡರೆ ಅದು ಇವುಗಳ ಕೆಲಸ. ಗಿಡಕ್ಕೆ ಅದರಿಂದ ಹೆಚ್ಚಿನ ತೊಂದರೆ ಇಲ್ಲ. ಇವು ಪರಾಗ ಹೊರೋದು ಕಾಲಲ್ಲಿ ಅಲ್ಲ, ಹೊಟ್ಟೆಯ ಕೆಳಗೆ.

ಇದರ ಕಳ್ಳನ ಹೆಸರು ಸೀಲಿಯಾಕ್ಸಿಸ್. ಹೆಣ್ಣಿನ ಹೊಟ್ಟೆ ಹಿಂದಕ್ಕೆ ಹೋಗ್ತಾ ಸೂಜಿಮೊನೆಯ ಹಾಗೆ ಚೂಪಾಗುತ್ತೆ. ಆ ಮೊನೆಯಿಂದಲೇ ಎಲೆಯ ಪದರದ ಸಂದಿಗೆ ಮೊಟ್ಟೆ ತೂರಿಸುತ್ತೆ. ಕಳ್ಳ ಬೇರೆ, ಮನೆ ಬೇರೆ, ಪಾಠ ಅದೇ. ತೊಗರಿ ಹೊಲದ ಬದುವಿನಲ್ಲಿ ಚೂಪು ಬಾಲದ ಜೇನು ಕಂಡರೆ ಎಲೆ ಕತ್ತರಿಸುವ ಜೇನು ಚೆನ್ನಾಗಿದೆ ಅಂತ ತಿಳೀರಿ.

ಹೊಲದಲ್ಲಿ ಏನು ಮಾಡಬೇಕು?

1. ಗೂಡು ಹುಡುಕಿ, ಗುರುತು ಹಾಕಿ. ಬಿಸಿಲು ಬೀಳುವ, ಮಳೆ ನೇರ ಬಡಿಯದ ಮಣ್ಣಿನ ಮಗ್ಗುಲು ನೋಡಿ. ಪೆನ್ಸಿಲ್ ದಪ್ಪಕ್ಕಿಂತ ಸ್ವಲ್ಪ ಹೆಚ್ಚಿನ ದುಂಡು ತೂತುಗಳು, ಹತ್ತಿರ ಹತ್ತಿರ. ಅಲ್ಲಿ ಒಂದು ಕೋಲು ನೆಟ್ಟು ಬಟ್ಟೆ ಕಟ್ಟಿ. ರೋಟವೇಟರ್, ಜೆಸಿಬಿ, ಕಳೆನಾಶಕ ಯಾವುದೂ ಆ ಜಾಗಕ್ಕೆ ಬೇಡ. ಈ ಜೇನುಗಳು ಗೂಡು ಕಾಯೋಕೆ ಮೈಮೇಲೆ ಬೀಳಲ್ಲ, ಕೈಯಲ್ಲಿ ಹಿಸುಕಿದರೆ ಮಾತ್ರ ಚುಚ್ಚುತ್ತವೆ. ಮಕ್ಕಳಿಗೂ ಭಯವಿಲ್ಲದೆ ತೋರಿಸಬಹುದು.

2. ಬದುವಿನ ತುಂಬೆ ಉಳಿಸಿ. ತುಂಬೆ, ತುಳಸಿ, ಕಾಮಕಸ್ತೂರಿ ಜಾತಿಯ ಹೂಗಳೆಂದರೆ ಯಜಮಾನಿಗೂ ಇಷ್ಟ, ಕಳ್ಳನಿಗೂ ಇಷ್ಟ. ಟೊಮ್ಯಾಟೊ, ಬದನೆ ಹೂವಿನಲ್ಲಿ ಪರಾಗ ಸಿಗುತ್ತೆ, ಮಕರಂದ ಸಿಗಲ್ಲ. ಹಾರಾಡೋಕೆ ಬೇಕಾದ ಸಿಹಿಯನ್ನು ಜೇನು ಬೇರೆ ಹೂವಲ್ಲೇ ಹುಡುಕಬೇಕು. ಬದು ಪೂರ್ತಿ ಬೋಳಾದರೆ ಅದು ನಿಮ್ಮ ತೋಟದಿಂದ ದೂರ ಹೋಗುತ್ತೆ.

3. ಔಷಧಿ ಹೊಡೆಯುವ ಹೊತ್ತು ಮಾತ್ರ ಅಲ್ಲ, ಜಾಗವನ್ನೂ ನೋಡಿ. ಸಂಜೆ ಹೊಡೀರಿ ಅಂತ ಎಲ್ಲರೂ ಹೇಳ್ತಾರೆ, ಅದು ಸರಿ, ಆಗ ಹೂವಿನ ಮೇಲೆ ಜೇನು ಇರಲ್ಲ. ಆದರೆ ಸಂಜೆ ಹೊತ್ತಿಗೆ ಗಂಡು ಜೇನುಗಳೂ ಕೋಗಿಲೆ ಜೇನುಗಳೂ ಬದುವಿನ ಒಣ ಕಡ್ಡಿ ಕಚ್ಚಿಕೊಂಡು ಮಲಗಿರುತ್ತವೆ. ಬೆಳೆ ಸಾಲಿಗೆ ಮಾತ್ರ ಹೊಡೆದು, ಬದುವಿನ ಕಡೆ ನಳಿಕೆ ತಿರುಗಿಸದಿದ್ದರೆ ಅವು ಉಳೀತವೆ.

4. ಹೂ ಬಿಡುವ ಬೆಳೆಗೆ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಥರದವನ್ನು ಬೇರಿಗೆ ಹಾಕುವ ಮುಂಚೆ ಯೋಚಿಸಿ. ಇವು ಗಿಡದೊಳಗೆ ಹರಿದು ಪರಾಗಕ್ಕೂ ಬರುತ್ತವೆ. ಆ ಪರಾಗವೇ ಮಣ್ಣೊಳಗಿನ ಮರಿಯ ಊಟ. ಜೇನುಗಳ ಕಾರಣಕ್ಕೇ ಯುರೋಪಿಯನ್ ಒಕ್ಕೂಟ 2018ರಲ್ಲಿ ಇವೆರಡನ್ನೂ ಕ್ಲೋಥಿಯಾನಿಡಿನ್ ಜೊತೆಗೆ ಬಯಲಿನ ಬೆಳೆಗಳಿಗೆ ನಿಷೇಧಿಸಿತು.

5. ಬದನೆಯ ಕುಡಿ ಮತ್ತು ಕಾಯಿ ಕೊರಕಕ್ಕೆ ಮೊದಲು ಕೈಕೆಲಸ ಮಾಡಿ. ಬಾಡಿದ ಕುಡಿಗಳನ್ನು ವಾರಕ್ಕೊಮ್ಮೆ ಕತ್ತರಿಸಿ ನಾಶ ಮಾಡೋದು, ಕೊರೆದ ಕಾಯಿಗಳನ್ನು ಹೊಲದಲ್ಲಿ ಬಿಡದೇ ಇರೋದು, ಮೋಹಕ ಬಲೆ ಕಟ್ಟೋದು. ಇಷ್ಟು ಮಾಡಿದರೆ ಹೊಡೆಯುವ ಸುತ್ತುಗಳು ಕಮ್ಮಿಯಾಗುತ್ತವೆ.

6. ಗೋಡೆ ಇಲ್ಲದವರು ಇಟ್ಟಿಗೆ ಮಾಡಿ. ಜೇಡಿ ಮಣ್ಣು ಮತ್ತು ಮರಳು ಕಲಸಿ, ಸಿಮೆಂಟ್ ಹಾಕದೆ ದಪ್ಪ ಇಟ್ಟಿಗೆ ಹೊಯ್ದು ನೆರಳಲ್ಲಿ ಒಣಗಿಸಿ. ಸುಡಬೇಡಿ. ಹಸಿ ಇರುವಾಗಲೇ ಕಿರುಬೆರಳಿನಷ್ಟು ಅಗಲದ ತೂತುಗಳನ್ನು ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಮಾಡಿ, ಮುಂದಿನದ್ದನ್ನು ಅವೇ ಕೊರೆದುಕೊಳ್ಳುತ್ತವೆ. ಶೆಡ್ಡಿನ ಸೂರಿನ ಕೆಳಗೆ, ಬೆಳಗಿನ ಬಿಸಿಲು ತಾಗುವ ಕಡೆ ಒಂದರ ಮೇಲೊಂದು ಇಡಿ. ಆಸ್ಟ್ರೇಲಿಯಾದಲ್ಲಿ ನೀಲಿ ಪಟ್ಟೆ ಜೇನಿಗೆ ಹೀಗೇ ಮನೆ ಮಾಡಿಕೊಡ್ತಾರೆ. ನಾಟಿ ಮಾಡಿದ ಜಾಗಕ್ಕೆಲ್ಲ ಮಲ್ಚಿಂಗ್ ಶೀಟ್ ಹಾಸುವವರಿಗೆ ಇದು ಇನ್ನೂ ಅಗತ್ಯ, ಶೀಟಿನ ಕೆಳಗಿನ ಮಣ್ಣು ಜೇನಿಗೆ ಸಿಗಲ್ಲ.

ಮೊಬೈಲ್‌ನಲ್ಲಿ ಹಿಡಿಯೋದು ಹೇಗೆ?

ಹಗಲಲ್ಲಿ ಇದರ ಹಿಂದೆ ಓಡಿದರೆ ಮಸುಕು ಫೋಟೊ ಮಾತ್ರ ಸಿಗೋದು. ಸೂರ್ಯ ಹುಟ್ಟುವ ಹೊತ್ತಿಗೆ ಬದುವಿನ ಕಡ್ಡಿಗಳನ್ನು ನೋಡಿ. ಕಚ್ಚಿಕೊಂಡು ಮಲಗಿದ್ದು ಬಿಸಿಲು ತಾಗುವ ತನಕ ಅಲ್ಲಾಡಲ್ಲ. ಮ್ಯಾಕ್ರೋ ಮೋಡ್ ಹಾಕಿ ಮೂರು ಫೋಟೊ ತೆಗೀರಿ: ಬೆನ್ನು, ಪಕ್ಕ, ಹಿಂಗಾಲು. ಫ್ಲ್ಯಾಶ್ ಬೇಡ, ಕಡ್ಡಿ ಮುರೀಬೇಡಿ.

ಟೊಮ್ಯಾಟೊ ಹೂವಿನ ಹತ್ತಿರ ಫೋನ್ ಹಿಡಿದು ಧ್ವನಿ ರೆಕಾರ್ಡ್ ಮಾಡಿ ನೋಡಿ. ಹಾರುವಾಗಿನ ಸದ್ದು ಬೇರೆ, ಹೂವನ್ನು ಅಪ್ಪಿ ಅದುರಿಸುವಾಗ ಬರುವ ಕಿರ್ರನೆಯ ಸದ್ದು ಬೇರೆ. ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ಕಣ್ಣು ಮುಚ್ಚಿಕೊಂಡೇ ಹೇಳ್ತೀರಿ, ಈ ಸಾಲಲ್ಲಿ ಕೆಲಸ ನಡೀತಿದೆ ಅಂತ.

ಫೋಟೊವನ್ನು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಬಹುದು, ದುಡ್ಡು ಕೊಡಬೇಕಿಲ್ಲ. ದಿನಾಂಕ ಮತ್ತು ಊರು ಸರಿಯಾಗಿ ಕೊಡಿ. ಯಾವ ಹೂವಿನ ಮೇಲೆ ಕಂಡಿತು, ಹತ್ತಿರ ಯಾವ ಬೆಳೆ ಇದೆ ಅಂತ ಒಂದು ಸಾಲು ಬರೀರಿ. ಅಪರೂಪದ ಈ ಜೇನುಗಳ ಬಗ್ಗೆ ಹೊಲದೊಳಗಿಂದಲೇ ಮಾಹಿತಿ ಕೊಡಬಲ್ಲವರು ನೀವು.

ಈ ವಾರದ ಕೆಲಸ ಇಷ್ಟೇ. ಒಂದು ಬೆಳಿಗ್ಗೆ, ಅರ್ಧ ಗಂಟೆ, ನಿಮ್ಮ ಹೊಲದ ಸುತ್ತಲಿನ ಮಣ್ಣಿನ ಮಗ್ಗುಲು ನೋಡ್ಕೊಂಡು ಬನ್ನಿ. ನೀಲಿ ಪಟ್ಟೆ ಕಂಡರೆ ಜಾಗ ಗುರುತು ಹಾಕಿ. ನೀಲಿ ಚುಕ್ಕೆ ಕಂಡರೆ ಇನ್ನೂ ಸಂತೋಷ. ಎರಡೂ ಕಾಣದಿದ್ದರೆ ಎರಡು ಮಣ್ಣಿಟ್ಟಿಗೆ, ಒಂದು ಮಾರು ತುಂಬೆ ಗಿಡದಿಂದ ಶುರು ಮಾಡಿ.